ಮನೆ ಕಟ್ಟುವವರು ಅರಿಯಬೇಕಾದ ಎರಡು ಪತ್ರಗಳು

ಅನ್ನ ಅರಿವೆಗಳ ತರುವಾಯ ಮನುಷ್ಯನಿಗೆ ಅತ್ಯವಶ್ಯವಾದುದು ಆಸರೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಹಿರಿಯರ ಮಾತಿನಲ್ಲಿ ಕಷ್ಟದ ಎಣಿಕೆಯಷ್ಟೇ ಅಲ್ಲ, ಎಚ್ಚರಿಕೆಯೂ ಅಡಗಿದೆ. ಮದುವೆಗೆ ಹತ್ತು ಕಡೆ ವಿಚಾರಿಸುವ ನಾವು, ಜೀವಮಾನದ ಗಳಿಕೆಯನ್ನೆಲ್ಲ ಸುರಿದು ಕಟ್ಟುವ ಮನೆಯ ವಿಷಯದಲ್ಲಿ ಮಾತ್ರ ದಿಕ್ಕು, ಮುಹೂರ್ತಗಳನ್ನು ಕೇಳಿ ತೃಪ್ತರಾಗಿ, ಕಾನೂನಿನ ಭಾಗವನ್ನು ಗುತ್ತಿಗೆದಾರನಿಗೆ ಒಪ್ಪಿಸಿಬಿಡುತ್ತೇವೆ. ಕಟ್ಟಡದ ಬಗೆಗೆ ಸ್ಥಳೀಯ ಸಂಸ್ಥೆಯಿಂದ ಪಡೆಯಬೇಕಾದ ಪತ್ರಗಳು ಎರಡು: ಕಟ್ಟುವ ಮೊದಲಿನ ಅನುಮತಿ ಪತ್ರ, ಕಟ್ಟಿದ ಮೇಲಿನ ಸ್ವಾಧೀನಾನುಭವ ಪತ್ರ. ಮೊದಲನೆಯದನ್ನು ಬಹುಮಂದಿ ಬಲ್ಲರು. ಎರಡನೆಯದರ ಹೆಸರನ್ನೇ ಕೇಳದವರು ಎಷ್ಟೋ ಮಂದಿ.

ಅನುಮತಿ ಕೊಡುವವರು ಯಾರೆಂಬುದು ನಿವೇಶನ ಇರುವ ಸ್ಥಳವನ್ನು ಅವಲಂಬಿಸಿದೆ. ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮದ ಮೇರೆಗೆ ಗ್ರಾಮ ಪಂಚಾಯಿತಿ. ಪಟ್ಟಣಗಳಲ್ಲಿ 1964ರ ಪುರಸಭೆಗಳ ಅಧಿನಿಯಮದ ಮೇರೆಗೆ ಪುರಸಭೆ ಅಥವಾ ನಗರಸಭೆ. ದೊಡ್ಡ ನಗರಗಳಲ್ಲಿ 1976ರ ಅಧಿನಿಯಮದ ಮೇರೆಗೆ ಮಹಾನಗರ ಪಾಲಿಕೆ. ಬೆಂಗಳೂರಿಗೆ ಈಗ ಪ್ರತ್ಯೇಕ ಕಾಯ್ದೆಯೇ ಇದೆ. ಭೂಮಿ ಕೃಷಿಯದಾಗಿದ್ದರೆ, 1964ರ ಭೂಕಂದಾಯ ಅಧಿನಿಯಮದ 95ನೆಯ ಕಲಮಿನಂತೆ ಮೊದಲು ಕೃಷಿಯೇತರ ಉಪಯೋಗಕ್ಕೆ ಅದು ಪರಿವರ್ತನೆಯಾಗಬೇಕು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಖಾತೆ ಹೆಸರಿಗಿದೆ, ವರ್ಷವರ್ಷವೂ ಕಂದಾಯ ಕಟ್ಟಿ ರಸೀತಿ ಪಡೆದಿದ್ದೇನೆ, ಇನ್ನೇನು ಬೇಕು ಎಂದು ಕೇಳುವವರುಂಟು. ಖಾತೆಯು ತೆರಿಗೆಯ ಲೆಕ್ಕಕ್ಕಾಗಿ ಇರುವ ದಾಖಲೆ. ಅನಧಿಕೃತ ಕಟ್ಟಡದ ಮೇಲೂ ತೆರಿಗೆ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ಹಾಗೆ ತೆರಿಗೆ ಪಡೆದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ.

ಇನ್ನು ನಕ್ಷೆಯ ವಿಚಾರ. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನವೆಂದರೆ 1,200 ಚದರಡಿ. ಆ ಬಡಾವಣೆಗೆ ನಿಗದಿಯಾದ ನೆಲ ವಿಸ್ತೀರ್ಣದ ಅನುಪಾತ 1.75 ಎಂದಿದ್ದರೆ, ಎಲ್ಲ ಅಂತಸ್ತುಗಳೂ ಸೇರಿ 2,100 ಚದರಡಿಗಳಷ್ಟು ಕಟ್ಟಬಹುದು, ಅದಕ್ಕೆ ಮೀರಬಾರದು. ಇದು ಅಧಿಕಾರಿಯ ಮನಸ್ಸಿಗೆ ತೋರಿದ ಅಂಕಿಯಲ್ಲ. ಆ ಬೀದಿಯ ಅಗಲ, ನೀರಿನ ಕೊಳವೆ, ಒಳಚರಂಡಿ ಇವು ಎಷ್ಟು ಸಂಸಾರಗಳ ಭಾರವನ್ನು ಹೊರಬಲ್ಲವು ಎಂಬ ಲೆಕ್ಕ ಅದರ ಹಿಂದಿದೆ. ಸುತ್ತಲೂ ಬಿಡಬೇಕಾದ ತೆರಪಿನ ಬಗೆಗಂತೂ ನಮ್ಮವರಲ್ಲಿ ಅಸಮಾಧಾನ ಹೆಚ್ಚು. ‘ನನ್ನ ಹಣದಿಂದ ಕೊಂಡ ನೆಲವನ್ನು ನಾನೇಕೆ ಬಿಡಲಿ?’ ಎಂಬ ಪ್ರಶ್ನೆ ಸಹಜವಾದುದೇ. ಆದರೆ ಆ ಮೂರಡಿಯ ಓಣಿಯಿಂದಲೇ ಒಳಕೋಣೆಗೆ ಬೆಳಕು ಬರುತ್ತದೆ, ಅಡುಗೆಯ ಹೊಗೆ ಹೊರಹೋಗುತ್ತದೆ. ಪಕ್ಕದ ಮನೆಗೆ ಬೆಂಕಿ ಬಿದ್ದರೆ ಅದು ನಮ್ಮಲ್ಲಿಗೆ ದಾಟುವುದನ್ನು ತಡೆಯುವುದೂ, ಏಣಿ ಹಿಡಿದು ಬಂದವರಿಗೆ ಕಾಲಿಡಲು ಎಡೆಗೊಡುವುದೂ ಅದೇ ತೆರಪು. ನಾವು ಬಿಟ್ಟ ಮೂರಡಿಯಲ್ಲಿ ನೆರೆಯವನ ಪಾಲಿದೆ. ಅವನು ಬಿಟ್ಟ ಮೂರಡಿಯಲ್ಲಿ ನಮ್ಮ ಪಾಲಿದೆ. ಒಬ್ಬನು ಗೋಡೆಯನ್ನು ಸರಹದ್ದಿಗೆ ತಂದು ನಿಲ್ಲಿಸಿದನೆಂದರೆ ಮತ್ತೊಬ್ಬನೂ ತರುತ್ತಾನೆ, ಹತ್ತು ವರ್ಷಗಳಲ್ಲಿ ಇಡೀ ಬೀದಿ ಹಗಲಿನಲ್ಲಿ ದೀಪ ಹಚ್ಚಿ ಬದುಕುತ್ತದೆ.

ಅನುಮತಿ ಪತ್ರವು ಕಾಗದದ ಮೇಲಿನ ನಕ್ಷೆಗೆ ದೊರೆತ ಒಪ್ಪಿಗೆಯೇ ಹೊರತು ನಿಂತ ಗೋಡೆಗೆ ದೊರೆತ ಒಪ್ಪಿಗೆಯಲ್ಲ. ಎರಡಂತಸ್ತಿಗೆ ಒಪ್ಪಿಗೆ ಪಡೆದು ನಾಲ್ಕಂತಸ್ತು ಎಬ್ಬಿಸುವುದು, ಮೋಟಾರು ವಾಹನಗಳಿಗೆಂದು ತೋರಿಸಿದ ತಳಮನೆಯಲ್ಲಿ ಅಂಗಡಿ ತೆರೆಯುವುದು ನಾವು ದಿನವೂ ಕಾಣುವ ಸಂಗತಿ. ಕಟ್ಟಡ ಮುಗಿದ ಬಳಿಕ ಸ್ಥಳೀಯ ಸಂಸ್ಥೆಯವರು ಬಂದು, ನಕ್ಷೆಯಲ್ಲಿರುವುದೇ ನೆಲದ ಮೇಲೆಯೂ ಇದೆಯೆಂದು ಕಂಡು ಕೊಡುವುದು ಸ್ವಾಧೀನಾನುಭವ ಪತ್ರ. ಅದು ದೊರೆಯುವ ಮುನ್ನ ಒಳಗೆ ಜನ ಸೇರಬಾರದೆಂಬ ನಿಯಮಕ್ಕೆ ಎಷ್ಟು ಬೆಲೆಯೆಂಬುದನ್ನು ಧಾರವಾಡ ನಗರವು ಬಹು ದುಃಖದಿಂದ ಕಲಿತಿದೆ. 2019ರ ಮಾರ್ಚ್ 19ರಂದು ಅಲ್ಲಿಯ ಕುಮಾರೇಶ್ವರ ನಗರದಲ್ಲಿ ಕಟ್ಟಲಾಗುತ್ತಿದ್ದ ಬಹುಮಹಡಿ ವಾಣಿಜ್ಯ ಕಟ್ಟಡವೊಂದು ಕುಸಿದು ಬಿದ್ದಿತು. ಮೇಲೆ ಕೆಲಸ ಇನ್ನೂ ನಡೆದಿರುವಾಗಲೇ ಕೆಳಗಿನ ಅಂತಸ್ತುಗಳಲ್ಲಿ ವ್ಯಾಪಾರ ಆರಂಭವಾಗಿತ್ತು. ಹಲವು ದಿನಗಳ ರಕ್ಷಣಾ ಕಾರ್ಯದಲ್ಲಿ ಅನೇಕರನ್ನು ಜೀವಸಹಿತ ಹೊರತೆಗೆದರಾದರೂ 19 ಜನರು ಅಸುನೀಗಿದರು.

ಇದುವರೆಗೆ ಎರಡನೆಯ ಪತ್ರವನ್ನು ಕೇಳುವವರೇ ಇರಲಿಲ್ಲವೆಂಬುದೂ ಅದರ ಅಲಕ್ಷ್ಯಕ್ಕೆ ಕಾರಣ. ಆ ಕಾಲ ಮುಗಿಯಿತು. ಮೀರತ್ ನಗರದಲ್ಲಿ ವಾಸದ ನಿವೇಶನವೊಂದರಲ್ಲಿ ಅಂಗಡಿಗಳನ್ನು ಕಟ್ಟಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 17ರಂದು ತೀರ್ಪಿತ್ತು, ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನಗಳನ್ನು ನೀಡಿತು. ಮಂಜೂರಾದ ನಕ್ಷೆಯನ್ನು ಕಾಮಗಾರಿಯ ಸ್ಥಳದಲ್ಲಿ ಪ್ರದರ್ಶಿಸಬೇಕು. ವಿದ್ಯುತ್ತು, ನೀರು, ಒಳಚರಂಡಿಯ ಸಂಪರ್ಕವನ್ನು ಈ ಪತ್ರ ನೋಡಿದ ಮೇಲೆಯೇ ಕೊಡಬೇಕು. ಬ್ಯಾಂಕುಗಳು ಕಟ್ಟಡದ ಆಧಾರದ ಮೇಲೆ ಸಾಲ ಕೊಡುವಾಗಲೂ ಇದನ್ನು ಪರಿಶೀಲಿಸಬೇಕು. 2025ರಲ್ಲಿ ನಮ್ಮ ರಾಜ್ಯದಲ್ಲಿ ಮನೆ ಪೂರ್ತಿ ಮಾಡಿಯೂ ವಿದ್ಯುತ್ ಸಂಪರ್ಕ ದೊರೆಯದೆ ಪರದಾಡಿದವರು ಬಹಳ. ಸಣ್ಣ ನಿವೇಶನದವರಿಗಾದರೂ ವಿನಾಯಿತಿ ಕೊಡುವ ಮಾರ್ಗವನ್ನು ಸರ್ಕಾರ ಅರಸಬೇಕಾಯಿತು. ಇದಕ್ಕೂ ಹಿಂದೆ, ಮನೆಗಳಲ್ಲಿ ಶೇಕಡ 50ರವರೆಗಿನ ಉಲ್ಲಂಘನೆಯನ್ನು ದಂಡ ಪಡೆದು ಮನ್ನಿಸುವ ‘ಅಕ್ರಮ ಸಕ್ರಮ’ ಯೋಜನೆಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ತಡೆ ನೀಡಿತ್ತು. ಮೊದಲು ಕಟ್ಟೋಣ, ಆಮೇಲೆ ದಂಡ ತೆತ್ತರಾಯಿತು ಎಂಬ ಲೆಕ್ಕಾಚಾರವನ್ನು ನೆಚ್ಚುವಂತಿಲ್ಲ.

ಕಚೇರಿಗಳಿಗೆ ಅಲೆದು ಸಾಕಾಗಿಯೇ ಜನರು ನಿಯಮ ಮೀರುತ್ತಾರೆಂಬ ದೂರನ್ನು ಅಲ್ಲಗಳೆಯುವಂತಿಲ್ಲ. ದಿನಗೂಲಿ ಬಿಟ್ಟು ನಾಲ್ಕು ಸಲ ಬಂದವನನ್ನು ಐದನೆಯ ಸಲವೂ ಬರಹೇಳುವ ಕಚೇರಿಯೂ ಉಲ್ಲಂಘನೆಯಲ್ಲಿ ಪಾಲುಗಾರನೇ. ಆದರೆ ಇದರ ಹಾನಿಯನ್ನು ಅನುಭವಿಸುವವನು ಗುಮಾಸ್ತನಲ್ಲ, ಮನೆಯಲ್ಲಿ ಮಲಗುವವನು. ಆದ್ದರಿಂದ ಅರ್ಜಿಯ ಸ್ವೀಕೃತಿಯನ್ನು, ಮೊಹರು ಬಿದ್ದ ನಕ್ಷೆಯನ್ನು, ಎಂಜಿನಿಯರರು ಸಹಿ ಮಾಡಿದ ಕಬ್ಬಿಣದ ವಿವರಪಟ್ಟಿಯನ್ನು ಮಾಲಿಕನು ತನ್ನ ಬಳಿಯೇ ಇಟ್ಟುಕೊಳ್ಳತಕ್ಕದ್ದು.

ಶಾಲೆಯ ಸಂಚಿಕೆಯಲ್ಲಿ ಈ ಪಾಠವೇಕೆಂದು ಕೆಲವರು ಕೇಳಬಹುದು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿಯು ಗರಿ ಹೊದಿಸಿದ ಛಾವಣಿಗೆ ಹರಡಿ 94 ಮಕ್ಕಳು ಮೃತಪಟ್ಟರು. ಆ ಬಳಿಕ, 2009ರಲ್ಲಿ, ಶಾಲಾ ಕಟ್ಟಡಗಳು ರಾಷ್ಟ್ರೀಯ ಕಟ್ಟಡ ಸಂಹಿತೆಯ ಸುರಕ್ಷಾ ನಿಯಮಗಳನ್ನು ಪಾಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ನಮ್ಮ ನಾಡಿನ ಮಠಗಳ ಶಾಲೆಗಳು ಬಹುಪಾಲು ಭಕ್ತರ ದಾಸೋಹದಿಂದ, ಒಂದು ವರ್ಷ ಒಂದು ಕೋಣೆ ಮತ್ತೊಂದು ವರ್ಷ ಮತ್ತೊಂದು ಎಂಬಂತೆ ಬೆಳೆದು ಬಂದವು. ಹಾಗೆ ಕೂಡಿಸಿದ ಪ್ರತಿ ಕೋಣೆಗೂ ಅನುಮತಿ ಬೇಕು. ಮೇಲಂತಸ್ತು ಏರಿಸುವ ಮುನ್ನ ಹಳೆಯ ತಳಪಾಯ ತಾಳೀತೇ ಎಂಬ ಪರೀಕ್ಷೆ ಬೇಕು. ಹಿರಿಯರ ಹೆಸರಿನ ಕಲ್ಲು ಹಾಕಿಸಿ ಕೋಣೆ ಕಟ್ಟಿಸಿಕೊಡುವ ದಾನಿಗಳು ದೊರೆಯುತ್ತಾರೆ, ಎರಡನೆಯ ಮೆಟ್ಟಿಲ ಸಾಲಿಗೆ ದೊರೆಯುವುದು ಅಪರೂಪ. ಇಂಥ ಶಾಲೆಗಳಲ್ಲಿ ಓದಿ ಸಿವಿಲ್ ಎಂಜಿನಿಯರುಗಳಾದವರು ಬೇಸಿಗೆಯ ರಜೆಯಲ್ಲಿ ಒಂದು ದಿನ ಬಂದು, ಮಹಡಿಯ ಕೋಣೆಗಳನ್ನೂ ಇಳಿಯುವ ದಾರಿಗಳನ್ನೂ ಅಳೆದು ನಕ್ಷೆ ಬರೆದುಕೊಟ್ಟರೆ, ಆಡಳಿತ ಮಂಡಳಿಗಳಿಗೆ ಮುಂದಿನ ಅರ್ಜಿ ಸಲ್ಲಿಸುವ ಕೆಲಸ ಅರ್ಧ ಮುಗಿದಂತೆಯೇ.