ಗಾಳಿಬೀಡಿನಿಂದ ಕೆನ್ಯಾಕ್ಕೆ: ಪೆಟ್ಟಿಗೆ ಕಟ್ಟುವ ಮುನ್ನ

ಮಳೆಗಾಲ ಮುಗಿಯುವ ಹೊತ್ತಿಗೆ ಕೊಡಗಿನ ಗಾಳಿಬೀಡಿನ ಮನೆಗಳಲ್ಲಿ ಬೂಸ್ಟು ಹಿಡಿಯದ ವಸ್ತು ಕಡಿಮೆ. ಬೆಲ್ಟು, ಚಪ್ಪಲಿ, ಮದುವೆಯ ಆಲ್ಬಂ, ಎಲ್ಲದರ ಮೇಲೂ ಬಿಳಿ ಪುಡಿ. ಬಟ್ಟೆ ಒಣಗಬೇಕಾದರೆ ಒಲೆಯ ಪಕ್ಕದಲ್ಲೇ ಹರವಬೇಕು. ಮೂರು ತಿಂಗಳು ಸೂರ್ಯನನ್ನು ಸರಿಯಾಗಿ ಕಾಣದವರು ‘ಎಲ್ಲಾದರೂ ಬಿಸಿಲಿರುವ ದೇಶಕ್ಕೆ ಹೋಗಿ ಬರೋಣ’ ಎಂದರೆ ಕಾರಣ ಕೇಳಬೇಕಾಗಿಲ್ಲ.

ಅಂಥವರ ಪಟ್ಟಿಯಲ್ಲಿ ಥಾಯ್ಲೆಂಡ್, ಬಾಲಿ, ದುಬೈ ಮೊದಲೇ ಇರುತ್ತವೆ. ಕಾಫಿ ತೋಟದ ಮನೆಗೆ ಅವುಗಳಿಗಿಂತ ಹತ್ತಿರದ್ದೆನಿಸುವ ದೂರದ ದೇಶ ಇನ್ನೊಂದಿದೆ: ಕೆನ್ಯಾ. ಭೂಮಧ್ಯರೇಖೆ ಅದರ ನಡುವೆಯೇ ಹಾದುಹೋಗುತ್ತದೆ. ಅಲ್ಲಿ ಕಾಫಿಯಿದೆ, ಆನೆಯಿದೆ, ರಾಗಿಯಿದೆ, ಹಾಕಿಯೂ ಇದೆ. 1971ರ ಮೊದಲ ವಿಶ್ವಕಪ್ ಹಾಕಿಯಲ್ಲಿ ಕೊಡಗಿನ ಎಂ.ಪಿ. ಗಣೇಶ್ ಇದ್ದ ಭಾರತ ತಂಡ ಮೂರನೇ ಸ್ಥಾನಕ್ಕಾಗಿ ಸೆಣಸಿದ್ದು ಕೆನ್ಯಾದ ಜೊತೆಗೇ.

ಆದರೆ ಪ್ರವಾಸ ಕಂಪನಿಗಳು ಕೊಡುವ ಸಿದ್ಧ ಪಟ್ಟಿ ಗಾಳಿಬೀಡಿನವರಿಗೆ ಸಾಲದು. ಇಲ್ಲಿಂದ ಹೊರಡುವವರು ನೋಡಿಕೊಳ್ಳಬೇಕಾದದ್ದೇ ಬೇರೆ.

ಕೈಲ್‌ಪೊಳ್ದ್ ಕಳೆದ ಮೇಲೆ

ಕಾಫಿ ಬೆಳೆಯುವವರಿಗೆ ವರ್ಷದಲ್ಲಿ ಬಿಡುವು ಸಿಗುವುದೇ ಅಪರೂಪ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ಅದರ ಬೆನ್ನಿಗೇ ರೊಬಸ್ಟಾ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆಗೆ ಆಕಾಶ ನೋಡುತ್ತ ಕೂರಬೇಕು. ಕಕ್ಕಡದಲ್ಲಿ ಗದ್ದೆ ನಾಟಿ. ನಾಟಿ ಮುಗಿಸಿ, ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದವರೆಗೆ ಸುಮಾರು ಆರು ವಾರ ಉಸಿರಾಡಲು ಸಮಯ.

ಕೆನ್ಯಾಕ್ಕೂ ಅದೇ ಒಳ್ಳೆಯ ಕಾಲ. ಅಲ್ಲಿ ದೊಡ್ಡ ಮಳೆ ಮಾರ್ಚ್‌ನಿಂದ ಮೇವರೆಗೆ. ಸಣ್ಣ ಮಳೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ. ನಡುವಿನ ಒಣ ತಿಂಗಳುಗಳಲ್ಲಿ ತಾಂಜಾನಿಯಾದ ಸೆರೆಂಗೆಟಿಯಿಂದ ವೈಲ್ಡ್‌ಬೀಸ್ಟ್ ಹಿಂಡುಗಳು ಲಕ್ಷಗಟ್ಟಲೆಯಾಗಿ ಮಸಾಯಿ ಮಾರಾಕ್ಕೆ ಬಂದು ಮೇಯುತ್ತವೆ. ಅವು ಮೊಸಳೆಗಳಿರುವ ಮಾರಾ ನದಿಯನ್ನು ದಾಟುವುದನ್ನು ನೋಡಲೆಂದೇ ಜಗತ್ತಿನ ಎಲ್ಲೆಡೆಯಿಂದ ಜನ ಬರುವುದು ಜುಲೈಯಿಂದ ಅಕ್ಟೋಬರ್ ನಡುವೆ.

ಒಂಬತ್ತು ದಿನ ಇಟ್ಟುಕೊಂಡರೆ ಅವಸರವಿಲ್ಲದೆ ನೋಡಬಹುದು. ನೈರೋಬಿ ಮತ್ತು ಪಕ್ಕದ ಕಿಯಂಬು ಕಡೆಯ ಕಾಫಿ ತೋಟಗಳಿಗೆ ಎರಡು ದಿನ, ನೈವಾಷಾ ಸರೋವರಕ್ಕೆ ಒಂದು, ಮಸಾಯಿ ಮಾರಾಕ್ಕೆ ಮೂರು, ಮೊಂಬಾಸಾ ಕಡಲತೀರಕ್ಕೆ ಎರಡು. ಉಳಿದ ಒಂದು ದಿನ ಓಡಾಟಕ್ಕೇ ಬೇಕು.

ಕಾಗದಪತ್ರ

ಮೊದಲು ಬೀರುವಿನಿಂದ ಪಾಸ್‌ಪೋರ್ಟ್ ತೆಗೆದು ನೋಡುವುದು. ತೇವಕ್ಕೆ ಹಾಳೆ ಅಂಟಿಕೊಂಡಿದ್ದರೆ, ಫೋಟೊ ಇರುವ ಪುಟದಲ್ಲಿ ಕಲೆ ಬಿದ್ದಿದ್ದರೆ ಅದು ಹಾಳಾದ ಪಾಸ್‌ಪೋರ್ಟ್ ಎಂದೇ ಲೆಕ್ಕ, ಹೊಸದು ಮಾಡಿಸಬೇಕಾದೀತು. ಪ್ರವಾಸದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿಯೂ ಉಳಿದಿರಬೇಕು. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು 2017ರ ಜನವರಿಯಲ್ಲಿ ಮೈಸೂರಿನಲ್ಲೇ ತೆರೆದದ್ದರಿಂದ ಕೊಡಗಿನವರು ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಪೊಲೀಸ್ ಪರಿಶೀಲನೆಗೆ ಸಮಯ ಹಿಡಿಯುವುದರಿಂದ ಮೇ ತಿಂಗಳಲ್ಲೇ ಅರ್ಜಿ ಹಾಕಿದರೆ ನಿಶ್ಚಿಂತೆ.

ಕೆನ್ಯಾ 2024ರ ಜನವರಿಯಿಂದ ವೀಸಾ ಪದ್ಧತಿಯನ್ನೇ ಕೈಬಿಟ್ಟಿದೆ. ಅದರ ಬದಲು ಆನ್‌ಲೈನ್ ಪ್ರವಾಸ ಅನುಮತಿ, ಇಟಿಎ. ಶುಲ್ಕ 30 ಡಾಲರ್ ಆಸುಪಾಸು. ವಿಮಾನ ಟಿಕೆಟ್, ತಂಗುವ ಜಾಗದ ಬುಕಿಂಗ್, ಫೋಟೊ ಇವನ್ನು ಸರ್ಕಾರದ ಜಾಲತಾಣಕ್ಕೇ ಏರಿಸಬೇಕು. ಅದನ್ನು ಹೋಲುವ ಖಾಸಗಿ ತಾಣಗಳು ಬೇಕಾದಷ್ಟಿವೆ. ಅವು ಅದೇ ಅನುಮತಿಗೆ ದುಪ್ಪಟ್ಟು ಕೀಳುತ್ತವೆ.

ಹಲವರು ಮರೆಯುವುದು ಹಳದಿ ಜ್ವರದ ಲಸಿಕೆಯನ್ನು. ಭಾರತದಿಂದ ನೇರ ಹೋಗುವವರನ್ನು ಇದಕ್ಕಾಗಿ ಹಿಡಿದು ನಿಲ್ಲಿಸುವುದು ಕೆನ್ಯಾ ಅಲ್ಲ, ವಾಪಸ್ ಬರುವಾಗ ನಮ್ಮದೇ ದೇಶ. ಈ ಜ್ವರವನ್ನು ಹರಡಬಲ್ಲ ಈಡಿಸ್ ಸೊಳ್ಳೆ ಭಾರತದಲ್ಲಿ ಧಾರಾಳವಾಗಿದೆ, ವೈರಸ್ ಮಾತ್ರ ಇಲ್ಲ. ಒಬ್ಬ ಸೋಂಕಿತ ಬಂದಿಳಿದರೂ ಕಷ್ಟ. ಹಾಗಾಗಿ ಪ್ರಮಾಣಪತ್ರ ಇಲ್ಲದವರನ್ನು ವಿಮಾನ ನಿಲ್ದಾಣದಿಂದಲೇ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. 2016ರ ಜುಲೈಯಿಂದ ಅದು ಜೀವನಪರ್ಯಂತ ಚಾಲ್ತಿ. ಇದನ್ನು ಕೊಡುವುದು ಆರೋಗ್ಯ ಸಚಿವಾಲಯ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ. ಬೆಂಗಳೂರಿನ ಶೇಷಾದ್ರಿ ರಸ್ತೆಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಅಂಥ ಒಂದು ಕೇಂದ್ರ. ಮೊದಲೇ ದಿನ ಗೊತ್ತುಮಾಡಿಕೊಂಡು ಹೋಗಬೇಕು. ಮೊಟ್ಟೆಯ ಅಲರ್ಜಿ ಇದ್ದವರು, 60 ದಾಟಿದವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಮೊಂಬಾಸಾ ಕರಾವಳಿಗೆ ಹೋಗುವವರು ಅದೇ ಭೇಟಿಯಲ್ಲಿ ಮಲೇರಿಯಾ ತಡೆಯುವ ಮಾತ್ರೆಯ ಬಗ್ಗೆಯೂ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬಿಸಿಲ ದೇಶಕ್ಕೆ ಸ್ವೆಟರ್

ಆಫ್ರಿಕಾ ಎಂದರೆ ಸೆಕೆ ಎಂದು ಬರೀ ಹತ್ತಿ ಬಟ್ಟೆ ತುಂಬಿಕೊಂಡು ಹೋದವರು ನೈರೋಬಿಯ ಮೊದಲ ಬೆಳಿಗ್ಗೆಯೇ ಪಶ್ಚಾತ್ತಾಪಪಡುತ್ತಾರೆ. ಆ ನಗರ ಇರುವುದು ಸುಮಾರು 1,795 ಮೀಟರ್ ಎತ್ತರದಲ್ಲಿ, ಅಂದರೆ ಮಡಿಕೇರಿಗಿಂತ ಆರುನೂರು ಮೀಟರ್‌ಗೂ ಮೇಲೆ. ಜುಲೈ–ಆಗಸ್ಟ್ ಅಲ್ಲಿನ ಚಳಿಯ ತಿಂಗಳು; ಸೆಪ್ಟೆಂಬರ್‌ನಲ್ಲೂ ಮುಂಜಾನೆಗೆ ಮೈ ನಡುಗುತ್ತದೆ. ಮಾರಾದಲ್ಲಿ ಸಫಾರಿ ಜೀಪು ಹೊರಡುವುದು ಸೂರ್ಯ ಹುಟ್ಟುವ ಹೊತ್ತಿಗೆ, ಅದೂ ಮಾಡು ತೆರೆದುಕೊಂಡು. ಮಡಿಕೇರಿಯಲ್ಲಿ ಹಾಕುವ ಜಾಕೆಟ್, ಕಿವಿ ಮುಚ್ಚುವ ಟೋಪಿ ಎರಡೂ ಬೇಕು. ಮಧ್ಯಾಹ್ನ ಅದೇ ಜಾಗದಲ್ಲಿ ಬಿಸಿಲು ಚರ್ಮ ಸುಡುತ್ತದೆ. ಸೆಕೆ ಎನ್ನುವಂಥ ಸೆಕೆ ಸಿಗುವುದು ಮೊಂಬಾಸಾದಲ್ಲಿ. ಅದು ಮಂಗಳೂರಿನ ಸೆಕೆಯಂಥದ್ದೇ.

ಬಣ್ಣದ ವಿಷಯದಲ್ಲೂ ಎಚ್ಚರ ಬೇಕು. ಕಚ್ಚುವ ಸೆಟ್ಸಿ ನೊಣಗಳು ಕಡು ನೀಲಿ, ಕಪ್ಪು ಬಟ್ಟೆಯನ್ನು ಹುಡುಕಿಕೊಂಡು ಬರುತ್ತವೆ. ಖಾಕಿ, ಮಣ್ಣಿನ ಬಣ್ಣ ಲೇಸು. ಸೇನೆಯ ನಂಟಿರುವ ಕೊಡಗಿನ ಮನೆಗಳಲ್ಲಿ ಚುಕ್ಕೆ ಮಚ್ಚೆಯ ಮಿಲಿಟರಿ ಜಾಕೆಟ್ ಒಂದಾದರೂ ಗೂಟಕ್ಕೆ ನೇತಾಡುತ್ತಿರುತ್ತದೆ. ಅದು ಅಲ್ಲೇ ಇರಲಿ. ಕೆನ್ಯಾದಲ್ಲಿ ನಾಗರಿಕರು ಅಂಥ ಬಟ್ಟೆ ತೊಡುವುದು ಅಪರಾಧ.

ಇನ್ನೊಂದು ಎಚ್ಚರಿಕೆ ಕೊಡಗಿಗೇ ವಿಶೇಷವಾದದ್ದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ವಿನಾಯಿತಿಯಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ವಿಸ್ತರಿಸಿತು. ಆ ವಿನಾಯಿತಿ ವಿಮಾನ ನಿಲ್ದಾಣದ ಬಾಗಿಲಲ್ಲಿ ನಡೆಯುವುದಿಲ್ಲ. ತೋಟಕ್ಕೆ ಒಯ್ಯುವ ಬ್ಯಾಗಿನ ಮೂಲೆಯಲ್ಲಿ ಒಂದೇ ಒಂದು ತೋಟಾ ಉಳಿದಿದ್ದರೂ ಪ್ರವಾಸ ಪೊಲೀಸ್ ಠಾಣೆಯಲ್ಲಿ ಮುಗಿದೀತು. ಹೊಸ ಬ್ಯಾಗ್ ಕೊಳ್ಳಿ; ಇಲ್ಲವೇ ಹಳೆಯದನ್ನು ತಲೆಕೆಳಗು ಮಾಡಿ ಕೊಡವಿ.

ಮಳೆನಾಡಿನವರಿಗೆ ಬಟ್ಟೆಯನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡುವ ಅಭ್ಯಾಸ. ಕೆನ್ಯಾ 2017ರ ಆಗಸ್ಟ್ 28ರಿಂದ ಪ್ಲಾಸ್ಟಿಕ್ ಚೀಲವನ್ನು ನಿಷೇಧಿಸಿದೆ. ಗರಿಷ್ಠ ದಂಡ 40 ಲಕ್ಷ ಶಿಲ್ಲಿಂಗ್, ಇಲ್ಲವೇ ನಾಲ್ಕು ವರ್ಷ ಜೈಲು. 2020ರ ಜೂನ್‌ನಿಂದ ಅಭಯಾರಣ್ಯಗಳೊಳಗೆ ಒಮ್ಮೆ ಬಳಸಿ ಎಸೆಯುವ ಬಾಟಲಿಯೂ ಹೋಗುವಂತಿಲ್ಲ. ಬಟ್ಟೆಯ ಚೀಲ, ಸ್ಟೀಲ್ ಬಾಟಲಿ ಸಾಕು. ಜೊತೆಗೆ ಬ್ರಿಟನ್ ಮಾದರಿಯ ಮೂರು ಚಪ್ಪಟೆ ಕಡ್ಡಿಯ ಅಡಾಪ್ಟರ್ ಇರಲಿ. ನಮ್ಮ ಚಾರ್ಜರಿನ ದುಂಡು ಕಡ್ಡಿ ಅಲ್ಲಿನ ಪ್ಲಗ್ಗಿಗೆ ಕೂರುವುದಿಲ್ಲ.

ದಾರಿ ಮತ್ತು ದುಡ್ಡು

ಮಡಿಕೇರಿಗೆ ಹತ್ತಿರದ ವಿಮಾನ ನಿಲ್ದಾಣ ಸುಮಾರು 90 ಕಿ.ಮೀ. ದೂರದ ಕಣ್ಣೂರು. 2018ರ ಡಿಸೆಂಬರ್‌ನಲ್ಲಿ ಆರಂಭವಾದ ಆ ನಿಲ್ದಾಣದಿಂದ ಕೊಲ್ಲಿ ದೇಶಗಳಿಗೆ ವಿಮಾನಗಳಿವೆ. ನೈರೋಬಿಗೆ ನೇರ ಹಾರಾಟ ಬೇಕಾದರೆ ಮುಂಬಯಿಗೆ ಹೋಗಬೇಕು. ಅಲ್ಲಿಂದ ಆರು ಗಂಟೆಯ ಪಯಣ. ಬೆಂಗಳೂರಿನಿಂದ ಹೊರಡುವವರು ಒಂದು ಕಡೆ ವಿಮಾನ ಬದಲಿಸಬೇಕು. ಯಾವ ದಾರಿಯಾದರೂ ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿರಲಿ. ಬಿಡಿ ಬಿಡಿಯಾಗಿ ಕೊಂಡಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ನಷ್ಟ ಪ್ರಯಾಣಿಕರದೇ.

ಘಾಟಿ ರಸ್ತೆಯನ್ನು ನಂಬಿ ಸಮಯ ಲೆಕ್ಕ ಹಾಕುವಂತಿಲ್ಲ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಡಿಕೇರಿ–ಸಂಪಾಜೆ ಹೆದ್ದಾರಿ ಕೊಚ್ಚಿಹೋಗಿ ಸಂಚಾರ ನಿಂತದ್ದನ್ನು ಗಾಳಿಬೀಡು, ಮಕ್ಕಂದೂರು ಕಡೆಯವರು ಮರೆತಿಲ್ಲ. ಸೆಪ್ಟೆಂಬರ್‌ನಲ್ಲಾದರೂ ಒಂದು ದಿನ ಮುಂಚೆ ಘಟ್ಟ ಇಳಿದು ವಿಮಾನ ನಿಲ್ದಾಣದ ಊರಿನಲ್ಲಿ ತಂಗುವುದು ಜಾಣತನ.

ಖರ್ಚಿನಲ್ಲಿ ದೊಡ್ಡ ಪಾಲು ಮಾರಾದ ಪ್ರವೇಶ ಶುಲ್ಕದ್ದು. 2024ರಲ್ಲಿ ನಾರೋಕ್ ಜಿಲ್ಲಾಡಳಿತ ಗೊತ್ತುಮಾಡಿದಂತೆ ವಿದೇಶಿ ವಯಸ್ಕರೊಬ್ಬರಿಗೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಅದೂ 12 ಗಂಟೆಗೆ. ನಮ್ಮ ಲೆಕ್ಕದಲ್ಲಿ ತಲೆಗೆ ದಿನಕ್ಕೆ 17 ಸಾವಿರ ರೂಪಾಯಿಗೂ ಮೇಲೆ! ಪ್ಯಾಕೇಜ್ ಕೊಳ್ಳುವವರು ಈ ಶುಲ್ಕ ಅದರಲ್ಲಿ ಸೇರಿದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಬೇಕು. ನೈರೋಬಿಯಿಂದ ಮಾರಾಕ್ಕೆ ರಸ್ತೆಯಲ್ಲಿ ಐದಾರು ಗಂಟೆ. ಪುಟ್ಟ ವಿಮಾನದಲ್ಲಾದರೆ ಮುಕ್ಕಾಲು ಗಂಟೆ. ಆದರೆ ಅದರಲ್ಲಿ 15 ಕಿಲೋಗಿಂತ ಹೆಚ್ಚು ಸಾಮಾನು ಒಯ್ಯುವಂತಿಲ್ಲ, ಗಟ್ಟಿ ಸೂಟ್‌ಕೇಸೂ ನಡೆಯದು.

ಹಣ ಪಾವತಿಗೆ ಅಲ್ಲಿನವರು ಬಳಸುವುದು ಎಂ-ಪೆಸಾ. ನಮ್ಮ ಯುಪಿಐಗಿಂತ ಎಷ್ಟೋ ಮೊದಲು, 2007ರಲ್ಲೇ ಶುರುವಾದದ್ದು. ಪಾಸ್‌ಪೋರ್ಟ್ ತೋರಿಸಿ ಸ್ಥಳೀಯ ಸಿಮ್ ಕೊಂಡರೆ ಪ್ರವಾಸಿಗರೂ ಬಳಸಬಹುದು. ಕೈಯಲ್ಲಿ ಡಾಲರ್ ಇಟ್ಟುಕೊಳ್ಳುವವರು ಹೊಸ ನೋಟುಗಳನ್ನೇ ಕೇಳಿ ಪಡೆಯಲಿ; ತೀರಾ ಹಳೆಯ ಸರಣಿಯವನ್ನು ಅಲ್ಲಿ ಮುಟ್ಟುವುದಿಲ್ಲ.

ಮೊಂಬಾಸಾಕ್ಕೆ ರೈಲೇ ಚೆಂದ. 2017ರಲ್ಲಿ ಶುರುವಾದ ಹೊಸ ಮಾರ್ಗ ಸುಮಾರು ಐದು ಗಂಟೆಯಲ್ಲಿ ಕಡಲಿಗೆ ಮುಟ್ಟಿಸುತ್ತದೆ. ಅದು ಹಾದುಹೋಗುವ ತ್ಸಾವೊ ಕಾಡಿನಲ್ಲಿ ಹಳಿಗಳನ್ನು ಎತ್ತರದ ಏರಿಯ ಮೇಲೆ ಹಾಕಿ, ಆನೆಗಳು ದಾಟಲು ಕೆಳಗೆ ದಾರಿ ಬಿಟ್ಟಿದ್ದಾರೆ. ಆನೆ ಕಾಟ ಅನುಭವಿಸಿದ ಕೊಡಗಿನವರು ಕಿಟಕಿ ಪಕ್ಕ ಕೂತು ನೋಡಬೇಕಾದ ಕೆಲಸ ಅದು. ಇದೇ ದಿಕ್ಕಿನ ಹಳೆಯ ಮಾರ್ಗವನ್ನು 1896ರಿಂದ 1901ರವರೆಗೆ ಕಟ್ಟಿದ್ದು ಬ್ರಿಟಿಷರು ಭಾರತದಿಂದ ಕರೆದೊಯ್ದ 30 ಸಾವಿರಕ್ಕೂ ಹೆಚ್ಚು ಕೂಲಿಯಾಳುಗಳು.

ಊಟ, ಮಾತು, ಗಡಿಯಾರ

ಆ ಕೂಲಿಯಾಳುಗಳೂ ಅವರಿಗಿಂತ ಹಿಂದಿನ ವ್ಯಾಪಾರಿಗಳೂ ಬಿಟ್ಟುಹೋದ ಪದಗಳು ಸ್ವಾಹಿಲಿಯಲ್ಲಿ ಇಂದಿಗೂ ಇವೆ. ಅಂಗಡಿ ‘ದುಕಾ’, ವಾಹನ ‘ಗಾರಿ’, ಚಪಾತಿ ‘ಚಪಾಟಿ’. ಈರುಳ್ಳಿ–ಟೊಮೆಟೊ ಹೆಚ್ಚಿಟ್ಟ ‘ಕಚುಂಬರಿ’ ಊಟಕ್ಕೆ ಬಂದಾಗ ಯಾರೂ ಅರ್ಥ ಹೇಳಬೇಕಿಲ್ಲ. ಮುಸುಕಿನ ಜೋಳದ ಹಿಟ್ಟಿನ ‘ಉಗಾಲಿ’ಯನ್ನು ಮುದ್ದೆ ತಿಂದು ಬೆಳೆದವರು ಕೈಯಲ್ಲಿ ಮುರಿದಾಗ ಅಲ್ಲಿನವರೇ ಬೆರಗಾಗುತ್ತಾರೆ. ಬೆಳಿಗ್ಗೆ ‘ಉಜಿ ವಾ ವಿಂಬಿ’ ಕೇಳಿದರೆ ರಾಗಿ ಗಂಜಿ ಸಿಗುತ್ತದೆ. ಕನ್ನಡಿಗರ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡೇ.

ಗಡಿಯಾರ ಮಾತ್ರ ಗೊಂದಲ ಹುಟ್ಟಿಸೀತು. ಕೆನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಅದರ ಮೇಲೆ ಸ್ವಾಹಿಲಿ ಎಣಿಕೆ ಸೂರ್ಯೋದಯದಿಂದ ಶುರು: ಬೆಳಗಿನ ಏಳು ಅವರಿಗೆ ಒಂದು ಗಂಟೆ. ಚಾಲಕರಿಗೆ ಸಮಯ ಹೇಳುವಾಗ ಗಡಿಯಾರ ತೋರಿಸಿ ಖಚಿತಮಾಡಿಕೊಳ್ಳುವುದು ಕ್ಷೇಮ.

ತರಬಾರದ್ದು

ಕಾಫಿ ಬೆಳೆಗಾರರಿಗೆ ಕಿಯಂಬುವಿನ ತೋಟದಲ್ಲಿ ಆಸೆಯಾಗುವುದು ಸಹಜ. ಕೆನ್ಯಾಕ್ಕೆ ಹೆಸರು ತಂದ ಎಸ್‌ಎಲ್–28 ತಳಿಯ ಗಿಡ ಕಣ್ಣೆದುರೇ ಇರುತ್ತದೆ. ನಾಲ್ಕು ಹಣ್ಣು ಜೇಬಿಗೆ ಹಾಕಿಕೊಂಡರೆ ಯಾರಿಗೆ ತಿಳಿಯುತ್ತದೆ ಎಂಬ ಯೋಚನೆ ಬರುತ್ತದೆ. ಅನುಮತಿಯಿಲ್ಲದೆ ಬೀಜ, ಸಸಿ, ಮಣ್ಣು ತರುವುದನ್ನು 2003ರ ಸಸ್ಯ ಸಂಗರೋಧ ಆದೇಶ ತಡೆಯುತ್ತದೆ. ಕಾನೂನಿಗಿಂತ ದೊಡ್ಡ ಕಾರಣವೂ ಇದೆ. ಹಸಿರು ಕಾಯಿಯನ್ನೇ ಕೊಳೆಸುವ ಕಾಫಿ ಕಾಯಿ ರೋಗ ಮೊದಲು ಕಂಡದ್ದು 1922ರಲ್ಲಿ, ಕೆನ್ಯಾದಲ್ಲಿ. ಅದರ ಶಿಲೀಂಧ್ರ ಇಂದಿಗೂ ಆಫ್ರಿಕಾದ ಆಚೆ ಬಂದಿಲ್ಲ. ತಂಪು, ತೇವ, ಎತ್ತರದ ಅರೇಬಿಕಾ ತೋಟ ಅದಕ್ಕೆ ಇಷ್ಟ; ಗಾಳಿಬೀಡಿನಲ್ಲಿ ಮೂರೂ ಇವೆ.

ಹಂದಿ ಮಾಂಸದ ಪದಾರ್ಥಗಳೂ ಬೇಡ. ಆಫ್ರಿಕನ್ ಹಂದಿ ಜ್ವರವನ್ನು 1921ರಲ್ಲಿ ಮೊದಲು ವರದಿ ಮಾಡಿದ್ದು ಕೆನ್ಯಾದಿಂದಲೇ. 2020ರಲ್ಲಿ ಈಶಾನ್ಯ ಭಾರತಕ್ಕೆ ಬಂದ ಅದು ಆಮೇಲೆ ಕೊಡಗಿನ ಹಂದಿಗೂಡುಗಳನ್ನೂ ಮುಟ್ಟಿತು.

ಹೊರಗಿನಿಂದ ಬಂದ ಕೀಟ ಏನು ಮಾಡಬಲ್ಲದೆಂದು ತಿಳಿಯಲು ಇಲ್ಲಿಯವರು ದೂರ ಹೋಗಬೇಕಿಲ್ಲ. ಆಫ್ರಿಕಾ ಮೂಲದ ಕಾಯಿಕೊರಕ ಭಾರತದಲ್ಲಿ ಮೊದಲು ಪತ್ತೆಯಾದದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಕೊಡಗಿನ ತೋಟಗಳು ಅದರ ಜೊತೆ ಇಂದಿಗೂ ಹೋರಾಡುತ್ತಿವೆ. ಆದ್ದರಿಂದ ನೈರೋಬಿ ಬಿಡುವ ಹಿಂದಿನ ರಾತ್ರಿ ಬೂಟಿನ ಅಡಿಯ ಮಣ್ಣನ್ನು ಸೋಪು ಹಾಕಿ ತಿಕ್ಕಿ, ತೊಳೆದು, ಅಲ್ಲಿಯೇ ಒಣಗಿಸಿ. ನೆಂಟರಿಷ್ಟರಿಗೆ ಕಾಫಿ ತರುವ ಮನಸ್ಸಿದ್ದರೆ ಅಂಗಡಿಯಲ್ಲಿ ಮೊಹರು ಮಾಡಿದ ಹುರಿದ ಬೀಜದ ಪೊಟ್ಟಣವನ್ನಷ್ಟೇ ತನ್ನಿ.