ಕ್ರಿಬ್ಬಿನಲ್ಲಿ ನೋಡಬೇಕಾದದ್ದು ಸಂದು

ಮಂಡ್ಯ ಸೀಮೆಯಲ್ಲಿ ಮಗು ಮಲಗುತ್ತಿದ್ದುದು ತೊಟ್ಟಿಲಲ್ಲಿ, ಸೀರೆ ಜೋಲಿಯಲ್ಲಿ, ಇಲ್ಲವೇ ಅವ್ವನ ಮಗ್ಗುಲಲ್ಲಿ. ಈಗ ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿ ಬಿಡಿಯಾಗಿ ಬರುವ ಕ್ರಿಬ್ಬೂ ಸೇರಿಕೊಂಡಿದೆ. ಮಗು ಚಿಕ್ಕದಿದ್ದಾಗ ನಾಲ್ಕೂ ಕಡೆ ಕಂಬಿ. ದೊಡ್ಡದಾದಾಗ ಒಂದು ಮಗ್ಗುಲು ಕಳಚಿದರೆ ಪುಟ್ಟ ಮಂಚ. ಇದೇ ಕನ್ವರ್ಟಿಬಲ್ ಕ್ರಿಬ್. ಕೊಳ್ಳುವವರು ಬಣ್ಣ ನೋಡುತ್ತಾರೆ, ಬೆಲೆ ಕೇಳುತ್ತಾರೆ. ಸಂದು ನೋಡುವವರು ಕಡಿಮೆ.

ಹಂತ 1: ಯಾವ ಮನೆಗೆ?

ಚೊಚ್ಚಲ ಬಾಣಂತನ ತವರಲ್ಲಿ. ಮಳವಳ್ಳಿಯಲ್ಲಿ ಜೋಡಿಸಿದ ಕ್ರಿಬ್ಬು ಐದನೇ ತಿಂಗಳಿಗೆ ಬಿಚ್ಚಿಸಿಕೊಂಡು ಗಂಡನ ಮನೆಗೆ ಹೊರಡುತ್ತದೆ. ದಾರಿಯಲ್ಲಿ ಎರಡು ಬೋಲ್ಟು ಮಾಯ. ಆ ಜಾಗಕ್ಕೆ ಮೊಳೆ ಹೊಡೆಯುವುದು, ತಂತಿ ಸುತ್ತುವುದು ಬೇಡ. ಬೋಲ್ಟು, ಅಲೆನ್ ಕೀ, ಜೋಡಣೆಯ ಚಿತ್ರದ ಹಾಳೆ ಮೂರನ್ನೂ ಒಂದು ಕವರಿಗೆ ಹಾಕಿ ಕ್ರಿಬ್ಬಿನ ತಳಕ್ಕೆ ಅಂಟಿಸಿಡಿ. ಮಂಚವಾಗಿಸುವ ಬಿಡಿಭಾಗಗಳನ್ನು ಕೆಲವು ಕಂಪನಿಗಳು ಬೇರೆಯಾಗಿ ಮಾರುತ್ತವೆ. ಅವನ್ನೂ ಜೊತೆಗೇ ಕೊಳ್ಳಿ, ಎರಡು ವರ್ಷದ ಮೇಲೆ ಆ ಮಾದರಿ ಸಿಗದೆ ಹೋಗಬಹುದು.

ಹಂತ 2: ಟೇಪು ಹಿಡಿಯಿರಿ

ಎರಡು ಕಂಬಿಗಳ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಮಗು ಹೊರಳಾಡುವಾಗ ಮೊದಲು ಕಾಲು ತೂರುತ್ತದೆ, ಆಮೇಲೆ ಸೊಂಟ. ತಲೆ ಮಾತ್ರ ಒಳಗೇ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಈ ಅಳತೆ. ಮೂಲೆಗೂಟಗಳು ಮೇಲೆ ಚಾಚಿರಬಾರದು, ಅಂಗಿಯ ಕೊರಳು ಸಿಕ್ಕಿಕೊಳ್ಳುತ್ತದೆ. ತಲೆಕಡೆಯ ಹಲಗೆಯಲ್ಲಿ ಹೂಬಳ್ಳಿಯ ತೂತು ಕೆತ್ತಿದ್ದರೆ ಎಷ್ಟೇ ಚೆಂದವಿದ್ದರೂ ಬಿಡಿ. ಯಾರೋ ನೆಂಟರು ಕೊಟ್ಟ ಹಳೇ ಕ್ರಿಬ್ಬಿನ ಒಂದು ಮಗ್ಗುಲು ಮೇಲೆ ಕೆಳಗೆ ಜಾರುವಂತಿದ್ದರೆ ಅದೂ ಬೇಡ. ಅಂಥವನ್ನು ಅಮೆರಿಕದಲ್ಲಿ 2011ರಿಂದ ಮಾರುವಂತೆಯೇ ಇಲ್ಲ.

ಹಂತ 3: ಆಚಾರ್ರಿಗೆ ಹೇಳುವುದಾದರೆ

ಊರ ಆಚಾರ್ರು ಅಂಗಡಿಯದಕ್ಕಿಂತ ಗಟ್ಟಿಯಾಗಿ ಮಾಡಿಕೊಡಬಲ್ಲರು. ಆದರೆ ಬಾಯಲ್ಲಿ ಹೇಳಿ ಬರಬೇಡಿ, ಅಳತೆ ಬರೆದುಕೊಡಿ. ಹಲ್ಲು ಬರುವ ಮಗು ಅಂಚನ್ನು ಕಚ್ಚಿಯೇ ಕಚ್ಚುತ್ತದೆ. ಮನೆ ಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂದು ನಮ್ಮಲ್ಲೇ 2016ರ ನಿಯಮವಿದೆ. ಅಟ್ಟದ ಮೇಲೆ ಉಳಿದ ಹಳೇ ಪೇಂಟ್ ಡಬ್ಬಿ ಇಳಿಸಬೇಡಿ.

ಹಂತ 4: ಹಾಸಿಗೆ ಹಾಕಿ, ಉಳಿದದ್ದೆಲ್ಲ ತೆಗೆಯಿರಿ

ಹಾಸಿಗೆ ಗಟ್ಟಿಯಾಗಿ, ಸಮವಾಗಿ ಇರಬೇಕು. ಅದರ ಅಂಚಿಗೂ ಕ್ರಿಬ್ಬಿನ ಮಗ್ಗುಲಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ತೂರಿದರೆ ಹಾಸಿಗೆ ಚಿಕ್ಕದಾಯಿತು ಎಂದರ್ಥ. ಆ ಸಂದಿಗೆ ಹಳೇ ಸೀರೆ ತುರುಕಿ ಸರಿಮಾಡುವುದಲ್ಲ, ಹಾಸಿಗೆಯನ್ನೇ ಬದಲಿಸಬೇಕು.

ಇಲ್ಲೇ ಅಜ್ಜಿಯರ ಜೊತೆ ಜಗಳ. "ದಿಂಬಿಲ್ದೆ ಮಲಗ್ಸುದ್ರೆ ತಲೆ ಸೊಟ್ಟಾಯ್ತದೆ ಕಣವ್ವ" ಎಂದು ರಾಗಿ ದಿಂಬೋ ಸಾಸಿವೆ ದಿಂಬೋ ತರುತ್ತಾರೆ. ಮೊದಲ ವರ್ಷ ಯಾವ ದಿಂಬೂ ಬೇಡ. ಮಗುವನ್ನು ಪ್ರತಿಸಲವೂ ಅಂಗಾತ ಮಲಗಿಸಿ. ಎಚ್ಚರವಿರುವಾಗ ಕಣ್ಣೆದುರಿಗೆ ಬೋರಲು ಬಿಟ್ಟರೆ ತಲೆ ದುಂಡಗಾಗಲು ಅದು ನೆರವಾಗುತ್ತದೆ. ಸುತ್ತ ಕಟ್ಟುವ ಮೆತ್ತೆಯನ್ನು ಅಮೆರಿಕ 2022ರಲ್ಲಿ ನಿಷೇಧಿಸಿತು. ಉಸಿರುಗಟ್ಟುವ ಭಯವೇ ಕಾರಣ. ಕೊರಳಿನ ತಾಯಿತ, ಕಪ್ಪು ದಾರ ಮಲಗುವ ಹೊತ್ತಿಗೆ ಹೊರಗೆ. ತೊಟ್ಟಿಲು ಶಾಸ್ತ್ರದ ಬಲೂನು, ಹೂವಿನ ಸರ ಅವತ್ತೇ ಬಿಚ್ಚಿ. ಖಾಲಿ ತೊಟ್ಟಿಲು ತೂಗಬಾರದು ಅನ್ನುತ್ತಾರಲ್ಲ, ಕ್ರಿಬ್ಬು ಮಾತ್ರ ಮಗು ಒಂದನ್ನು ಬಿಟ್ಟರೆ ಉಳಿದಂತೆ ಖಾಲಿಯೇ ಇರಬೇಕು.

ಹಂತ 5: ಜಾಗ

ನೀವು ಮಲಗುವ ಕೋಣೆಯಲ್ಲೇ. ಕಿಟಕಿ, ಪರದೆಯ ದಾರ, ಚಾರ್ಜರ್ ವೈರು ಕೈಗೆಟುಕದಂತೆ. ಸಾಂಬ್ರಾಣಿ ಕೆಂಡ ಕೆಳಗೆ ಇಡಬೇಡಿ. ನಾಲೆ, ಗದ್ದೆ ಪಕ್ಕದ ಮನೆಗೆ ಸೊಳ್ಳೆ ಪರದೆ ಬೇಕೇ ಬೇಕು. ಬಿಗಿಯಾಗಿರಲಿ, ಮುಖದ ಮೇಲೆ ಜೋಲುವುದು ಬೇಡ.

ಹಂತ 6: ಹಾಸಿಗೆ ತಗ್ಗಿಸಿ

ಮಗು ಎದ್ದು ಕೂರಲು ಕಲಿತಿತೋ, ತಳವನ್ನು ಒಂದು ಮೆಟ್ಟಿಲು ಇಳಿಸಿ. ನಿಲ್ಲುವ ಮೊದಲೇ ಎಲ್ಲಕ್ಕಿಂತ ಕೆಳಕ್ಕೆ. ಅಡ್ಡಲಾಗಿ ಕಟ್ಟಿದ ಚನ್ನಪಟ್ಟಣದ ಗೊಂಬೆಗಳ ಸಾಲನ್ನು ಐದು ತಿಂಗಳೊಳಗೆ ತೆಗೆಯಿರಿ. ತಿಂಗಳಿಗೊಮ್ಮೆ ಬೋಲ್ಟು ಬಿಗಿಮಾಡಿ. ಮಗು ಹತ್ತಿ ದಾಟಲು ನೋಡಿದರೆ, ಇಲ್ಲವೇ 89 ಸೆಂಟಿಮೀಟರ್ ಎತ್ತರ ಬೆಳೆದರೆ ಕ್ರಿಬ್ಬಿನ ಕಾಲ ಮುಗಿಯಿತು.

ಹಂತ 7: ಮಂಚ ಮತ್ತು ತಡೆ

ಕ್ರಿಬ್ಬನ್ನೇ ಮಂಚವಾಗಿಸಿದರೆ ಅದೇ ಕಂಪನಿಯ ಅರ್ಧ ತಡೆ ಹಾಕಿ. ದೊಡ್ಡವರ ಮಂಚಕ್ಕೆ ಸಿಕ್ಕಿಸುವ ಬೆಡ್ ರೇಲ್ ಎರಡರಿಂದ ಐದು ವರ್ಷದ, ತಾನಾಗಿ ಹತ್ತಿ ಇಳಿಯಬಲ್ಲ ಮಗುವಿಗೆ ಮಾತ್ರ. ಎಂಟು ತಿಂಗಳ ಕೂಸನ್ನು ರೇಲ್ ಇದೆಯೆಂಬ ಧೈರ್ಯದಲ್ಲಿ ಮಂಚದ ಮೇಲೆ ಬಿಟ್ಟು ಒಲೆ ಕಡೆ ಹೋಗುವವರಿದ್ದಾರೆ. ಕೂಸು ಕೆಳಗೆ ಬೀಳುವುದಕ್ಕಿಂತ ದೊಡ್ಡ ಅಪಾಯ, ರೇಲಿಗೂ ಹಾಸಿಗೆಗೂ ನಡುವೆ ಜಾರಿ ಸಿಕ್ಕಿಕೊಳ್ಳುವುದು.

ರೇಲಿನ ಪಟ್ಟಿಯನ್ನು ಮಂಚಕ್ಕೆ ಬಿಗಿದ ಮೇಲೆ ಮೊಣಕೈಯಿಂದ ಹಾಸಿಗೆಯ ಅಂಚನ್ನು ಅದುಮಿ ನೋಡಿ. ಸಂದು ಬಿಟ್ಟರೆ ಕೆಲಸಕ್ಕೆ ಬಾರದು. ಹತ್ತಿ ಹಾಸಿಗೆ ಅಂಚಿನಲ್ಲಿ ಕುಸಿಯುತ್ತದೆ, ಹಾಗಾಗಿ ಅದಕ್ಕೆ ಇಂಥ ರೇಲ್ ಕೂರುವುದೇ ಇಲ್ಲ. ತಲೆಹಲಗೆಯಿಂದ, ಕಾಲ್ಹಲಗೆಯಿಂದ ಕನಿಷ್ಠ 23 ಸೆಂಟಿಮೀಟರ್ ದೂರ ಬಿಡಿ.

ಇಷ್ಟೆಲ್ಲ ಖರ್ಚು ಬೇಡವೆಂದರೆ, ಎರಡು ತುಂಬಿದ ಮಗುವಿಗೆ ಗಟ್ಟಿ ಹಾಸಿಗೆಯೊಂದನ್ನು ಗೋಡೆಯಿಂದ ದೂರ ನೆಲಕ್ಕೇ ಹಾಸಿ. ತೋಟದ ಮನೆಯಾದರೆ ಚೇಳು, ಹುಳಹುಪ್ಪಟೆಗೆ ಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸಿ.