ಥಿಂಡ್ ಯಾರು ಅಂತ ನಮಗೂ ಗೊತ್ತಿರಲಿಲ್ಲ

ಎಂಎಸ್‌ಗೆ ಅಮೆರಿಕಕ್ಕೆ ಹೋಗ್ಬೇಕು ಅನ್ನೋರು ನಮ್ಮ ಬ್ಯಾಚಲ್ಲಿ ಬೇಕಾದಷ್ಟು ಜನ ಇದ್ದೇವೆ. ಜಿಆರ್‌ಇ, ವೀಸಾ, ಡಾಲರ್ ರೇಟು ಎಲ್ಲಾ ಬಾಯಿಪಾಠ. ಆದರೆ ನೂರು ವರ್ಷದ ಹಿಂದೆ ಅಲ್ಲಿಗೆ ಹೋದ ಭಾರತೀಯರ ಕಥೆ ನಮಗೆ ಗೊತ್ತಿಲ್ಲ. ಅದನ್ನ ಶಾಲೆಯಲ್ಲಿ ಕಲಿಸಬೇಕಾ ಬೇಡ್ವಾ ಅಂತ ಈಗ ಕ್ಯಾಲಿಫೋರ್ನಿಯಾದಲ್ಲಿ ಜಗಳ ನಡೀತಿದೆ.

ಮೊದಲು ಭಗತ್ ಸಿಂಗ್ ಥಿಂಡ್ ಕಥೆ. (ನಮ್ಮ ಸ್ವಾತಂತ್ರ್ಯ ಹೋರಾಟದ ಭಗತ್ ಸಿಂಗ್ ಅಲ್ಲ, ಇವರು ಬೇರೆ.) ಪಂಜಾಬಿನಿಂದ 1913ರಲ್ಲಿ ಅಮೆರಿಕಕ್ಕೆ ಹೋದವರು, ಮೊದಲ ಮಹಾಯುದ್ಧದಲ್ಲಿ ಅಲ್ಲಿನ ಸೈನ್ಯ ಸೇರಿದವರು. ಆಗಿನ ಕಾನೂನು ಪ್ರಕಾರ ಹೊರಗಿಂದ ಬಂದವರಲ್ಲಿ ಬಿಳಿಯರು ಮತ್ತು ಆಫ್ರಿಕಾ ಮೂಲದವರು ಮಾತ್ರ ಪೌರರಾಗಬಹುದಿತ್ತು. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಸಾಮಾನ್ಯ ಜನರ ತಿಳುವಳಿಕೆಯಲ್ಲಿ ಥಿಂಡ್ ಬಿಳಿಯರಲ್ಲ ಅಂತ ತೀರ್ಪು ಕೊಟ್ಟಿತು. ಆಮೇಲೆ, ಅದಾಗಲೇ ಪೌರತ್ವ ಸಿಕ್ಕಿದ್ದ ಭಾರತೀಯರಿಂದಲೂ ಸರ್ಕಾರ ಅದನ್ನ ಕಿತ್ತುಕೊಳ್ಳೋಕೆ ಶುರು ಮಾಡಿತು. ಪೌರರಾಗಲು ಅರ್ಹತೆ ಇಲ್ಲದವರು ಜಮೀನು ಕೊಳ್ಳೋ ಹಾಗಿಲ್ಲ ಅಂತ ಕ್ಯಾಲಿಫೋರ್ನಿಯಾದಲ್ಲಿ ಬೇರೆ ಕಾನೂನು ಇತ್ತು. ಅಂದರೆ ಹೊಲದಲ್ಲಿ ದುಡಿಯುತ್ತಿದ್ದ ಪಂಜಾಬಿಗಳಿಗೆ ಎರಡೂ ಕಡೆಯಿಂದ ಏಟು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ಅದೂ ವರ್ಷಕ್ಕೆ 100 ಜನರಷ್ಟೇ ವಲಸೆ ಬರಬಹುದು ಅನ್ನೋ ಕೋಟಾ ಜೊತೆಗೆ. 1965ರ ಕಾನೂನು ಬಂದಮೇಲೆ ಡಾಕ್ಟರು, ಎಂಜಿನಿಯರುಗಳು ಹೋಗೋಕಾಯಿತು.

ಇಂಥ ಕಥೆಗಳು ಪಠ್ಯದಲ್ಲಿ ಬೇಕು ಅಂತ ಕೇಳಿದವರು ವಿದ್ಯಾರ್ಥಿಗಳೇ. 1968ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಲ್ಲಿ ಕಪ್ಪು, ಲ್ಯಾಟಿನೊ, ಏಷ್ಯನ್, ಮೂಲನಿವಾಸಿ ವಿದ್ಯಾರ್ಥಿಗಳು ಮುಷ್ಕರ ಹೂಡಿ ಸುಮಾರು ಐದು ತಿಂಗಳು ಬಿಡಲಿಲ್ಲ. (ನಮ್ಮಲ್ಲಿ ಮಾಸ್ ಬಂಕ್ ಮಧ್ಯಾಹ್ನದವರೆಗೂ ನಿಲ್ಲಲ್ಲ.) ‘ಎಥ್ನಿಕ್ ಸ್ಟಡೀಸ್’ ಅನ್ನೋ ವಿಭಾಗ ಹುಟ್ಟಿದ್ದು ಅಲ್ಲಿಂದ. 2021ರಲ್ಲಿ ಕ್ಯಾಲಿಫೋರ್ನಿಯಾ ಇದನ್ನ ಹೈಸ್ಕೂಲಿಗೂ ಕಡ್ಡಾಯ ಮಾಡೋ ಕಾನೂನು ತಂದಿತು.

ಈಗ ವಲಸಿಗ ಅಪ್ಪ ಅಮ್ಮಂದಿರ ಜಾಗದಲ್ಲಿ ನಿಂತು ನೋಡೋಣ. 1990ರ ನಂತರ ಸಾಫ್ಟ್‌ವೇರ್ ಕೆಲಸಕ್ಕೆ ಹೋದ ಒಬ್ಬರು ಹೀಗೆ ಕೇಳಬಹುದು: “ನಾವು ಯಾರನ್ನೂ ತುಳಿದಿಲ್ಲ, ಓದಿ ಬಂದವರು. ನಮ್ಮ ಮಗುವನ್ನ ತುಳಿದವರು, ತುಳಿಸಿಕೊಂಡವರು ಅನ್ನೋ ಎರಡೇ ಸಾಲಲ್ಲಿ ಯಾಕೆ ಕೂರಿಸ್ತೀರಿ? ಆ ಪೀರಿಯಡ್ಡಲ್ಲಿ ಮ್ಯಾತ್ಸ್ ಮಾಡಿ.” ಇದನ್ನ ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. 2019ರ ಮೊದಲ ಕರಡು ಪಠ್ಯಕ್ರಮದ ಮೇಲೆ ಯಹೂದಿ ಸಂಘಟನೆಗಳೂ ಸೇರಿ ಹಲವರು ಗಟ್ಟಿ ಆಕ್ಷೇಪ ಎತ್ತಿ, ಅದನ್ನ ತಿದ್ದಬೇಕಾಯಿತು. ಆದರೆ ತಾವು ಓದಿದ್ದಷ್ಟೇ ಸಾಕಾಯಿತು ಅನ್ನೋದು ತಪ್ಪು ಲೆಕ್ಕ. ಥಿಂಡ್ ಕೂಡ ಓದಿದವರೇ.

ಮಾರ್ಕ್ಸ್ ಕಡಿಮೆ ಆಗುತ್ತೆ ಅನ್ನೋ ಭಯಕ್ಕೆ ಒಂದು ಅಧ್ಯಯನ ಇದೆ. ಥಾಮಸ್ ಡೀ ಮತ್ತು ಎಮಿಲಿ ಪೆನ್ನರ್ 2017ರಲ್ಲಿ ಪ್ರಕಟಿಸಿದ್ದು. ಸ್ಯಾನ್ ಫ್ರಾನ್ಸಿಸ್ಕೋದ ಕೆಲವು ಶಾಲೆಗಳಲ್ಲಿ ಎಂಟನೇ ಕ್ಲಾಸಿನ ಜಿಪಿಎ 2.0ಕ್ಕಿಂತ ಕಡಿಮೆ ಇದ್ದವರನ್ನ ಒಂಬತ್ತರಲ್ಲಿ ಈ ಕೋರ್ಸಿಗೆ ಹಾಕಿದರು. ಬೇಡ ಅಂದರೆ ಬಿಡಬಹುದಿತ್ತು. 1.99 ತೆಗೆದವನಿಗೂ 2.01 ತೆಗೆದವನಿಗೂ ನಿಜವಾಗಿ ಏನು ವ್ಯತ್ಯಾಸ? ಏನಿಲ್ಲ. ಆದ್ದರಿಂದ ಗೆರೆಯ ಆಚೀಚೆ ಇರೋರನ್ನ ಹೋಲಿಸಿದರೆ ಕೋರ್ಸಿನ ಪರಿಣಾಮ ಸಿಗುತ್ತೆ. ಅವರ ಲೆಕ್ಕದಲ್ಲಿ ಹಾಜರಾತಿ 21 ಪರ್ಸೆಂಟೇಜ್ ಪಾಯಿಂಟ್, ಜಿಪಿಎ 1.4 ಏರಿತ್ತು. ಆದರೆ ಇದು ಗೆರೆಯ ಹತ್ತಿರ ಇದ್ದವರ ಲೆಕ್ಕ. ಎಲ್ಲರಿಗೂ ಹೀಗೇ ಆಗುತ್ತೆ ಅಂತ ಇದರಿಂದ ಹೇಳೋಕೆ ಬರಲ್ಲ.

ನಮಗೆ ಹೆಚ್ಚು ಕಾಡಿದ್ದು ಬೇರೆ ವಿಷಯ. 2005-06ರಲ್ಲಿ ಅದೇ ಕ್ಯಾಲಿಫೋರ್ನಿಯಾದ ಆರನೇ ಕ್ಲಾಸಿನ ಚರಿತ್ರೆ ಪುಸ್ತಕದಲ್ಲಿ ಪ್ರಾಚೀನ ಭಾರತದ ಜಾತಿ, ಹೆಣ್ಣುಮಕ್ಕಳ ಸ್ಥಾನದ ಬಗ್ಗೆ ಬರೆದದ್ದನ್ನ ಬದಲಿಸಿ ಅಂತ ಕೆಲವು ಹಿಂದೂ ಸಂಘಟನೆಗಳು ಕೇಳಿದವು. ಬದಲಿಸಬೇಡಿ ಅಂತ ದಲಿತ ಗುಂಪುಗಳು, ವಿದ್ವಾಂಸರು ಎದುರು ನಿಂತರು. ಅದು ಎಥ್ನಿಕ್ ಸ್ಟಡೀಸ್ ಅಲ್ಲ, ನಿಜ. ಆದರೆ ಪ್ರಶ್ನೆ ಅದೇ. ಥಿಂಡ್ ಪಾಠ ಬೇಕು ಅನ್ನೋ ನಾವು, ಜಾತಿ ಪಾಠ ಬಂದಾಗ ಮಗುವಿಗೆ ಬೇಜಾರಾಗುತ್ತೆ ಅಂದರೆ, ಬಿಳಿಯ ಅಪ್ಪ ಅಮ್ಮಂದಿರು ಹೇಳೋದಕ್ಕೂ ನಮ್ಮ ಮಾತಿಗೂ ಏನು ಫರಕು? ಎರಡೂ ಬರಲಿ ಅಂತ ನಮ್ಮ ಅಭಿಪ್ರಾಯ, ಬೇಜಾರಾದರೂ ಸರಿ.

ಅಂದಹಾಗೆ ಆ 2021ರ ಕಾನೂನಲ್ಲೇ ಒಂದು ಷರತ್ತು ಇತ್ತು: ರಾಜ್ಯ ಹಣ ಕೊಟ್ಟರೆ ಮಾತ್ರ ಕಡ್ಡಾಯ. 2025ರ ಬಜೆಟ್ಟಲ್ಲಿ ಹಣ ಇಡಲಿಲ್ಲ. ಹಾಗಾಗಿ ಕಲಿಸೋದು ಬಿಡೋದು ಸದ್ಯಕ್ಕೆ ಆಯಾ ಊರಿನ ಶಾಲಾ ಮಂಡಳಿಗೆ ಬಿಟ್ಟಿದ್ದು.